ಕಷ್ಟದ ಕಾಲದಲ್ಲಿ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಮನೆಯಲ್ಲಿ ಯಾರಾದರೊಬ್ಬರು ಆಸ್ಪತ್ರೆ ಸೇರಿದರೆ, ನೋಡಲು ಬಂದವರೆಲ್ಲ ಹೇಳಿ ಹೋಗುವ ಮಾತು ಒಂದೇ: "ಧೈರ್ಯ ತಂದುಕೊಳ್ಳಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ." ಹೇಳಿದವರು ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಾರೆ. ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಂಚದ ಮೇಲಿರುವ ರೋಗಿಗೂ, ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗುವ ಸಂಬಂಧಿಕರಿಗೂ ಇದೇ ದೊಡ್ಡ ಪ್ರಶ್ನೆ. ಈ ವಿಷಯದಲ್ಲಿ ವೈದ್ಯಶಾಸ್ತ್ರಕ್ಕೆ ತಿಳಿದಿರುವ ಕೆಲವು ಸಂಗತಿಗಳನ್ನೂ, ಹಲವು ವರ್ಷ ವಾರ್ಡುಗಳಲ್ಲಿ ಓಡಾಡಿ ನಾನು ಕಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲು ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಅವರ ಯಜಮಾನರಿಗೆ ಹೃದಯಾಘಾತವಾಗಿ ಐ.ಸಿ.ಯು.ನಲ್ಲಿದ್ದರು. ಆ ತಾಯಿ ಒಂಬತ್ತು ದಿನ ಐ.ಸಿ.ಯು. ಬಾಗಿಲು ಬಿಟ್ಟು ಕದಲಲಿಲ್ಲ. ಒಂದು ಹನಿ ಕಣ್ಣೀರು ಹಾಕಲಿಲ್ಲ. ದಿನಕ್ಕೆ ಎರಡು ಸಲ ಚಹಾ, ಯಾರಾದರೂ ಒತ್ತಾಯ ಮಾಡಿದರೆ ಅರ್ಧ ರೊಟ್ಟಿ. ಬಂಧುಗಳೆಲ್ಲ "ಎಂಥಾ ಗಟ್ಟಿಗಿತ್ತಿ" ಎಂದು ಹೊಗಳುತ್ತಿದ್ದರು. ಹತ್ತನೆಯ ದಿನ ಯಜಮಾನರು ಅಪಾಯದಿಂದ ಪಾರಾಗಿ ಜನರಲ್ ವಾರ್ಡಿಗೆ ಬಂದರು. ಅದೇ ದಿನ ಮಧ್ಯಾಹ್ನ ಈ ತಾಯಿ ಮೆಟ್ಟಿಲ ಹತ್ತಿರ ಕುಸಿದು ಬಿದ್ದರು. ಪರೀಕ್ಷೆ ಮಾಡಿದಾಗ ರಕ್ತದ ಸಕ್ಕರೆ ನಾಲ್ಕು ನೂರರ ಮೇಲಿತ್ತು. ಅವರಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ ಇತ್ತು, ಒಂಬತ್ತು ದಿನದಿಂದ ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲ. "ನಾ ಅತ್ತರ ಅವ್ರು ಎದಿ ಒಡಕೋತಾರ ಅಂತ ತಡಕೊಂಡಿದ್ದೆ ನೋಡ್ರಿ ಸಾಹೇಬ್ರ" ಎಂದರು. ಕಡೆಗೆ ಗಂಡಸರ ವಾರ್ಡಿನಲ್ಲಿ ಗಂಡ, ಹೆಂಗಸರ ವಾರ್ಡಿನಲ್ಲಿ ಹೆಂಡತಿ. ಹೃದಯದ ಕಾಯಿಲೆಯವರಿಗೆ ಯಾವ ಚಿಂತೆ ತಗಲಬಾರದೆಂದು ಆಕೆ ಅಷ್ಟು ತಡೆದುಕೊಂಡಿದ್ದರೋ, ಅದೇ ಚಿಂತೆ ಅವರಿಗೆ ತಗಲಿತು.

ಆ ತಾಯಿಯ ಪ್ರೀತಿಯಲ್ಲಿ ದೋಷ ಹುಡುಕುವವನು ನಾನಲ್ಲ. ಆದರೆ ನಾವು ಗಟ್ಟಿತನ ಎಂದು ಕರೆಯುವುದರಲ್ಲಿ ಬಹಳಷ್ಟು ಬರೀ ಬಿಗಿ ಹಿಡಿಯುವುದು. ಬಿಗಿ ಹಿಡಿದ ಮುಷ್ಟಿಯನ್ನು ಎಷ್ಟು ಹೊತ್ತು ಹಾಗೇ ಇಟ್ಟುಕೊಳ್ಳಲು ಸಾಧ್ಯ, ತಾವೇ ಹೇಳಿ.

ದೇಹದೊಳಗೆ ಏನಾಗುತ್ತದೆ?

ನಮ್ಮ ಎರಡು ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯ ಹಾಗೆ ಎರಡು ಚಿಕ್ಕ ಗ್ರಂಥಿಗಳಿವೆ. ಹೆದರಿಕೆಯ ಸುದ್ದಿ ಕಿವಿಗೆ ಬಿದ್ದ ಕ್ಷಣದಲ್ಲೇ ಇವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿತ ಜೋರಾಗುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಹಸಿವು ಸಾಯುತ್ತದೆ. ಹುಲಿ ಕಂಡರೆ ಓಡಲು ಅಥವಾ ಕಟ್ಟಿಗೆ ಹಿಡಿದು ನಿಲ್ಲಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಸ್ವಲ್ಪ ಹೊತ್ತಿನ ಮೇಲೆ ಅದೇ ಗ್ರಂಥಿಗಳಿಂದ ಕಾರ್ಟಿಸೋಲ್ ಎಂಬ ಇನ್ನೊಂದು ರಸ ಬರುತ್ತದೆ. ಅದು ರಕ್ತದಲ್ಲಿ ಸಕ್ಕರೆಯನ್ನು ಏರಿಸಿ, ದೇಹಕ್ಕೆ ಹೆಚ್ಚಿನ ಶಕ್ತಿ ಸಿಗುವಂತೆ ನೋಡಿಕೊಳ್ಳುತ್ತದೆ. ಹುಲಿ ಹೋದ ಮೇಲೆ ಎಲ್ಲ ಮೊದಲಿನಂತಾಗಬೇಕು. ಆಸ್ಪತ್ರೆಯಲ್ಲಿ ಹುಲಿ ಹೋಗುವುದಿಲ್ಲ. ಬೆಳಗಿನ ರೌಂಡ್ಸ್, ಸ್ಕ್ಯಾನಿಂಗ್ ರಿಪೋರ್ಟು, ಬಿಲ್ಲು, ಊರಿನಿಂದ ಬರುವ ಫೋನು, ಹೀಗೆ ಅದು ದಿನಕ್ಕೆ ಹತ್ತು ಸಲ ಬಂದು ಹೋಗುತ್ತದೆ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಇರುವ ಸಂಬಂಧಿಕರಿಗೆ ಆಸ್ಪತ್ರೆಯಲ್ಲಿದ್ದಾಗ ಅವು ಹತೋಟಿ ತಪ್ಪಲು ಇದೊಂದು ಮುಖ್ಯ ಕಾರಣ. ಆದ್ದರಿಂದ ತಮ್ಮ ಮಾತ್ರೆಗಳನ್ನು ಊರಿನಿಂದ ತರಿಸಿಕೊಳ್ಳಿ. ಮರೆತು ಬಂದಿದ್ದರೆ ನಾಚಿಕೊಳ್ಳದೆ ಸಿಸ್ಟರ್‌ಗೆ ಹೇಳಿ.

ಅಮೆರಿಕದ ಓಹಾಯೊ ರಾಜ್ಯದ ವಿಜ್ಞಾನಿಗಳು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮರೆವಿನ ಕಾಯಿಲೆಯ ಸಂಬಂಧಿಕರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅದೇ ವಯಸ್ಸಿನ ಆದರೆ ಅಂಥ ಜವಾಬ್ದಾರಿ ಇಲ್ಲದ 13 ಹೆಂಗಸರು. ಎಲ್ಲರ ಮುಂಗೈ ಮೇಲೂ ಒಂದೇ ಅಳತೆಯ ಅತಿ ಸಣ್ಣ ಗಾಯ ಮಾಡಿ, ಅದು ಮಾಯುವುದನ್ನು ನೋಡಿದರು. ಆರೈಕೆ ಮಾಡುವವರ ಗಾಯ ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಮನಸ್ಸಿನ ಭಾರ ಚರ್ಮದವರೆಗೂ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನೊಂದು ವಿಷಯ. ಮುಖದಲ್ಲಿ ಏನೂ ತೋರಿಸದೆ ದುಃಖವನ್ನು ಒಳಗೇ ಅದುಮಿದರೆ ಏನಾಗುತ್ತದೆ ಎಂಬುದನ್ನೂ 1990ರ ದಶಕದಲ್ಲಿ ಮನೋವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಮನಸ್ಸು ಕಲಕುವ ಚಿತ್ರಗಳನ್ನು ತೋರಿಸಿ, ಕೆಲವರಿಗೆ ಭಾವನೆಯನ್ನು ಹೊರಗೆ ತೋರಬೇಡಿ ಎಂದರು. ಅವರ ಮುಖ ಶಾಂತವಾಗಿತ್ತು, ಒಳಗೆ ರಕ್ತನಾಳಗಳು ಮಾತ್ರ ಇನ್ನಷ್ಟು ಬಿಗಿದಿದ್ದವು. ಮುಂದಿನ ಪ್ರಯೋಗಗಳಲ್ಲಿ, ಹೀಗೆ ಅದುಮಿಕೊಂಡವರಿಗೆ ಆ ಹೊತ್ತಿನಲ್ಲಿ ಕೇಳಿದ ಮಾತುಗಳೂ ಸರಿಯಾಗಿ ನೆನಪಿರಲಿಲ್ಲ. ವೈದ್ಯರು ಹತ್ತು ನಿಮಿಷ ವಿವರಿಸಿದ್ದು, ಹೊರಗೆ ಬಂದ ಕೂಡಲೇ ಒಂದೂ ನೆನಪಿಲ್ಲ ಎಂದು ಎಷ್ಟೋ ಜನ ಹೇಳುತ್ತಾರೆ. ಅವರು ದಡ್ಡರಲ್ಲ. ಅಳು ತಡೆಯುವ ಕೆಲಸದಲ್ಲಿ ಬುದ್ಧಿ ಪೂರ್ತಿ ತೊಡಗಿತ್ತು, ಅಷ್ಟೇ. ಆದ್ದರಿಂದ ಅಳು ಬಂದರೆ ಅತ್ತುಬಿಡಿ. ರೋಗಿಯ ಮುಂದೆ ಬೇಡವೆನಿಸಿದರೆ ಹೊರಗಿನ ಕಟ್ಟೆಯ ಮೇಲೆ ಅಕ್ಕನ ಹೆಗಲಿಗೆ ಒರಗಿ ಅಳಿ. ಆಮೇಲೆ ಮುಖ ತೊಳೆದುಕೊಂಡು ಬನ್ನಿ. ಗಂಡಸರಿಗೂ ಇದೇ ಮಾತು. ಗಂಡಸರಲ್ಲಿ ಕೆಲವರು ಅಳುವ ಬದಲು ಸಂಜೆ ಕತ್ತಲಾದ ಮೇಲೆ ಗೇಟಿನ ಆಚೆ ಹೋಗಿ ಬರುತ್ತಾರೆ. ವಾಸನೆ ನಮಗೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಕುಡಿದು ಬಂದ ನಿದ್ರೆ ನಿದ್ರೆಯಲ್ಲ, ಮರುದಿನದ ಹೆದರಿಕೆ ಅದರಿಂದ ದುಪ್ಪಟ್ಟಾಗುತ್ತದೆ.

ನಿದ್ರೆಗೆಟ್ಟವರು ಗಾಡಿ ಹೊಡೆಯಬೇಡಿ

ನಿದ್ರೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ಸತತವಾಗಿ 17 ತಾಸು ಎಚ್ಚರವಿದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 1997ರಲ್ಲಿ ತೋರಿಸಿದರು. ಒಂದು ಹಗಲು ಒಂದು ರಾತ್ರಿ ಪೂರ್ತಿ ಎಚ್ಚರವಿದ್ದರೆ ಅದರ ಎರಡರಷ್ಟು. ನಮ್ಮ ದೇಶದ ಕಾನೂನಿನಲ್ಲಿ ವಾಹನ ಓಡಿಸುವವರಿಗೆ ಇರುವ ಮಿತಿ ಶೇಕಡಾ 0.03 ಮಾತ್ರ. ಅಂದರೆ ರಾತ್ರಿಯಿಡೀ ತಾಯಿಯ ಪಕ್ಕ ಕುಳಿತು, ಬೆಳಗ್ಗೆ ಎಮ್ಮೆ ಹಾಲು ಕರೆಯಬೇಕೆಂದು ಬೈಕ್ ಹತ್ತುವ ಮಗ, ಒಂದು ತೊಟ್ಟು ಕುಡಿಯದಿದ್ದರೂ ಕುಡಿದವನ ಹಾಗೇ ರಸ್ತೆಯಲ್ಲಿರುತ್ತಾನೆ. ಹೀಗೆ ಹೋದ ಮಗ ತಾಯಿ ಮಲಗಿದ್ದ ಆಸ್ಪತ್ರೆಗೇ ಕಾಲು ಮುರಿದುಕೊಂಡು ಬಂದದ್ದನ್ನು ನೋಡಿದ್ದೇನೆ. ಬಸ್ಸಿಗೆ ಹೋಗಿ. ಇಲ್ಲವೆ ಎರಡು ತಾಸು ಮಲಗಿ ಎದ್ದು ಹೋಗಿ.

ರೋಗಿಯ ಜೊತೆ ಒಬ್ಬರೇ ಇರುವುದಕ್ಕಿಂತ ಇಬ್ಬರು ಮೂವರು ಪಾಳಿ ಮಾಡಿಕೊಳ್ಳುವುದು ಒಳ್ಳೆಯದು. ಎರಡು ರಾತ್ರಿ ಮಗ, ಎರಡು ರಾತ್ರಿ ಅಳಿಯ, ಒಂದು ರಾತ್ರಿ ತಮ್ಮ. "ನಾನೇ ಇರಬೇಕು, ಬೇರೆಯವರಿಗೆ ತಿಳಿಯುವುದಿಲ್ಲ" ಎಂಬ ಹಟ ನಾಲ್ಕು ದಿನ ನಡೆಯುತ್ತದೆ. ಐದನೆಯ ದಿನ ಮಾತ್ರೆ ಕೊಡುವುದರಲ್ಲಿ ತಪ್ಪಾಗುತ್ತದೆ. ಪಾಳಿ ಬದಲಾಗುವಾಗ ಯಾವ ಮಾತ್ರೆ ಯಾವಾಗ ಎಂದು ಚೀಟಿಯಲ್ಲಿ ಬರೆದು ಕೊಟ್ಟರೆ, ಬೇರೆಯವರಿಗೂ ಎಲ್ಲವೂ ತಿಳಿಯುತ್ತದೆ.

ದಿನಾಂಕಕ್ಕೆ ಕಟ್ಟಿದ ಆಸೆ

ಈಗ ರೋಗಿಗಳ ವಿಷಯ. ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದ ಒಬ್ಬ ರೈತರು ನಮ್ಮಲ್ಲಿ ದಾಖಲಾಗಿದ್ದರು. ಐವತ್ತೆಂಟರ ವಯಸ್ಸು, ಒಳ್ಳೆಯ ಮಾತುಗಾರರು. ನಾಲಿಗೆ ತೊದಲುತ್ತಿದ್ದರೂ ಮೊದಲ ವಾರ ಅವರೇ ಅಕ್ಕಪಕ್ಕದ ಮಂಚದವರಿಗೆ ಧೈರ್ಯ ಹೇಳುತ್ತಿದ್ದರು. "ಎಳ್ಳ ಅಮಾಸಿಗೆ ಹೊಲಕ್ಕ ಚರಗ ಚೆಲ್ಲಾಕ ನಾನ ಹೋಗಾವ" ಎಂಬುದು ಅವರ ದಿನದ ಮಾತು. ಅಮಾವಾಸ್ಯೆಗೆ ಆಗ ಹದಿನಾರು ದಿನವಿತ್ತು. ಹೊಸದಾಗಿ ಬಂದ ಕಿರಿಯ ಡಾಕ್ಟರೊಬ್ಬರು ಸಮಾಧಾನಕ್ಕೆಂದು "ಹೋಗೋಣಂತ ಬಿಡಿ ಅಜ್ಜಾರ" ಎಂದೂ ಹೇಳಿಬಿಟ್ಟಿದ್ದರು.

ಅಮಾವಾಸ್ಯೆ ಬಂತು, ಹೋಯಿತು. ಮನೆಯವರು ಬುಟ್ಟಿಯಲ್ಲಿ ಸಜ್ಜೆ ಕಡಬು, ಭಜ್ಜಿ ಪಲ್ಯ ತಂದರು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ತಿರುಗಲಿಲ್ಲ. ಮರುದಿನದಿಂದ ಮಾತ್ರೆ ಉಗುಳತೊಡಗಿದರು. ಫಿಜಿಯೋಥೆರಪಿಗೆ ಕೈ ಕೊಡಲಿಲ್ಲ. ಬಿ.ಪಿ. ಮತ್ತೆ ಏರಿತು. ಕಾಯಿಲೆ ಹೆಚ್ಚಾಗಿರಲಿಲ್ಲ, ಸ್ಕ್ಯಾನಿಂಗಿನಲ್ಲಿ ಹೊಸದೇನೂ ಇರಲಿಲ್ಲ. ಆಸೆ ಮುರಿದಿತ್ತು.

ಇಂಥದ್ದನ್ನೇ ಬಹಳ ಘೋರವಾದ ಜಾಗದಲ್ಲಿ ಕಂಡ ವೈದ್ಯರೊಬ್ಬರಿದ್ದರು. ವಿಯೆನ್ನಾ ನಗರದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್. ಯಹೂದಿ ಎಂಬ ಒಂದೇ ಕಾರಣಕ್ಕೆ ಹಿಟ್ಲರನ ಆಡಳಿತ 1942ರಲ್ಲಿ ಅವರನ್ನು ಕುಟುಂಬ ಸಮೇತ ಬಂಧನ ಶಿಬಿರಕ್ಕೆ ಕಳುಹಿಸಿತು. ಆಶ್‌ವಿಟ್ಜ್ ಸೇರಿದಂತೆ ನಾಲ್ಕು ಶಿಬಿರಗಳಲ್ಲಿದ್ದು 1945ರಲ್ಲಿ ಅವರು ಬಿಡುಗಡೆಯಾದರು. ತಂದೆ, ತಾಯಿ, ಸಹೋದರ, ಹೆಂಡತಿ ಯಾರೂ ಉಳಿದಿರಲಿಲ್ಲ. 1946ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಒಂದು ಸಂಗತಿ ದಾಖಲಿಸಿದ್ದಾರೆ. 1944ರ ಕ್ರಿಸ್‌ಮಸ್ ಮತ್ತು 1945ರ ಹೊಸ ವರ್ಷದ ನಡುವಿನ ಒಂದು ವಾರದಲ್ಲಿ ಅವರಿದ್ದ ಶಿಬಿರದಲ್ಲಿ ಹಿಂದೆಂದೂ ಕಾಣದಷ್ಟು ಸಾವುಗಳಾದವು. ಊಟ ಕಡಿಮೆಯಾಗಿರಲಿಲ್ಲ, ಹೊಸ ಸಾಂಕ್ರಾಮಿಕ ಬಂದಿರಲಿಲ್ಲ, ಕೆಲಸ ಹೆಚ್ಚಾಗಿರಲಿಲ್ಲ. ಹಬ್ಬಕ್ಕೆ ಮನೆಯಲ್ಲಿರುತ್ತೇವೆ ಎಂದು ಬಹಳ ಮಂದಿ ನಂಬಿಕೊಂಡಿದ್ದರು, ಹಬ್ಬ ಬಂದರೂ ಬಾಗಿಲು ತೆರೆಯಲಿಲ್ಲ, ಅವರ ದೇಹ ಸೋತಿತು ಎಂಬುದು ಆ ಶಿಬಿರದ ವೈದ್ಯರ ಅಭಿಪ್ರಾಯವಾಗಿತ್ತು. ಆಸ್ಪತ್ರೆಯನ್ನು ಅಂಥ ನರಕಕ್ಕೆ ಹೋಲಿಸುವುದು ತಪ್ಪು. ಆದರೆ ಮನುಷ್ಯನ ಮನಸ್ಸು ಎರಡೂ ಕಡೆ ಒಂದೇ. ಆಸೆ ಇರಬೇಕು, ಅದನ್ನು ಕ್ಯಾಲೆಂಡರಿನ ಒಂದು ಮನೆಗೆ ಕಟ್ಟಿಹಾಕಿದರೆ ಆ ದಿನ ದಾಟಿದ ಮೇಲೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ನಮ್ಮ ರೈತರ ವಿಷಯದಲ್ಲಿ ದಾರಿ ಹುಡುಕಿದವರು ಫಿಜಿಯೋಥೆರಪಿಯ ಹುಡುಗಿ. ಆಕೆ ಉಪದೇಶ ಮಾಡಲಿಲ್ಲ. "ಕಾಕಾ, ಊರಿಗೆ ಯಾವಾಗ ಹೋಗ್ತೀರಿ ಅನ್ನೂದು ನನಗೂ ಗೊತ್ತಿಲ್ಲ. ಇವತ್ತ ಮಂಚದ ಅಂಚಿಗೆ ಕಾಲ ಇಳಿಬಿಟ್ಟು ಇಪ್ಪತ್ತು ಎಣಸೂತನಕ ಕೂಡ್ರತೀರೇನು?" ಎಂದಳು. ಅವರು ಉತ್ತರಿಸಲಿಲ್ಲ. ಸಂಜೆ ಮತ್ತೆ ಬಂದು ಅದನ್ನೇ ಕೇಳಿದಳು. ಮರುದಿನ ಕುಳಿತರು, ಹನ್ನೊಂದಕ್ಕೆ ವಾಲಿದರು. ಅದರ ಮರುದಿನ ಹದಿನಾಲ್ಕು. ಸೊಸೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿದಿನದ ಎಣಿಕೆಯನ್ನು ಪೆನ್ನಿನಲ್ಲಿ ಬರೆಯತೊಡಗಿದರು. ನೂರು ದಾಟಿದ ದಿನ ಇಡೀ ವಾರ್ಡು ಚಪ್ಪಾಳೆ ತಟ್ಟಿತು. ಆಮೇಲೆ ನಿಲ್ಲುವ ಎಣಿಕೆ, ಆಮೇಲೆ ಹೆಜ್ಜೆಯ ಎಣಿಕೆ.

ಇದರಲ್ಲಿ ಬರೀ ಸಮಾಧಾನವಿಲ್ಲ, ವಿಜ್ಞಾನವೂ ಇದೆ. ಲಕ್ವದಲ್ಲಿ ಮಿದುಳಿನ ಒಂದು ಭಾಗ ಸತ್ತಾಗ, ಉಳಿದ ಭಾಗಗಳು ಆ ಕೆಲಸವನ್ನು ನಿಧಾನವಾಗಿ ಕಲಿಯಬಲ್ಲವು. ಅದೇ ಚಲನೆಯನ್ನು ದಿನವೂ ನೂರಾರು ಸಲ ಮಾಡಿದರೆ ಮಾತ್ರ ಕಲಿಯುತ್ತವೆ. ಮೊದಲ ಮೂರು ತಿಂಗಳಲ್ಲಿ ಈ ಕಲಿಕೆ ಚುರುಕಾಗಿರುತ್ತದೆ, ಆಮೇಲೂ ನಿಧಾನವಾಗಿ ನಡೆಯುತ್ತದೆ. ಮುನಿಸಿಕೊಂಡು ಮಲಗಿದ ಒಂದೊಂದು ದಿನವೂ ಆ ಮೂರು ತಿಂಗಳ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಆ ರೈತರು ಆರು ವಾರದ ಮೇಲೆ ಕೋಲು ಹಿಡಿದು ಮನೆಗೆ ಹೋದರು. ಬಲಗೈ ಇಂದಿಗೂ ಪೂರ್ತಿ ಬಂದಿಲ್ಲ. ಮುಂದಿನ ವರ್ಷ ತಪಾಸಣೆಗೆ ಬಂದಾಗ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದಾಗಿಯೂ ಎಡಗೈಯಿಂದಲೇ ಚರಗ ಚೆಲ್ಲಿದ್ದಾಗಿಯೂ ತಿಳಿಸಿದರು.

ಆದ್ದರಿಂದ ಸಂಬಂಧಿಕರಲ್ಲಿ ಒಂದು ವಿನಂತಿ. "ಹಬ್ಬಕ್ಕೆ ಮನೆಗೆ ಹೋಗಿಬಿಡ್ತೀರಿ" ಎಂದು ವೈದ್ಯರು ಹೇಳದ ದಿನಾಂಕವನ್ನು ತಾವು ಹೇಳಬೇಡಿ. ಇವತ್ತು ನಿನ್ನೆಗಿಂತ ಏನು ಸುಧಾರಿಸಿದೆ, ನಾಳೆ ಏನು ಮಾಡಬಹುದು, ಅದನ್ನು ಹೇಳಿ. ಎರಡು ತುತ್ತು ಹೆಚ್ಚು ತಿಂದರು, ತಾವೇ ಮಗ್ಗುಲು ಬದಲಿಸಿದರು, ಇಂಥವು ಸಣ್ಣವೇನಲ್ಲ.

ಎದೆ ಹೊಡೆದುಕೊಳ್ಳುವಾಗ

ರಿಪೋರ್ಟ್ ಬರುವ ಮುಂಚೆ, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಕಾಯುವಾಗ, ಎದೆ ಡವಡವ ಹೊಡೆದುಕೊಳ್ಳುತ್ತದೆ. ಹೆದರಬೇಡ ಎಂದು ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ. ಉಸಿರಿಗೆ ಹೇಳಿದರೆ ಕೇಳುತ್ತದೆ. ನಾವು ಉಸಿರನ್ನು ಹೊರಗೆ ಬಿಡುವಾಗ ವೇಗಸ್ ಎಂಬ ನರದ ಮೂಲಕ ಹೃದಯದ ಬಡಿತ ಸ್ವಲ್ಪ ನಿಧಾನವಾಗುತ್ತದೆ. ಬಿಡುವ ಉಸಿರನ್ನು ಉದ್ದ ಮಾಡಿದಷ್ಟೂ ಒಳ್ಳೆಯದು. ಬೆನ್ನು ನೆಟ್ಟಗೆ ಮಾಡಿ ಕುಳಿತು, ಮೂಗಿನಿಂದ ನಾಲ್ಕು ಎಣಿಸುವವರೆಗೆ ಉಸಿರು ತೆಗೆದುಕೊಳ್ಳಿ, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಐದು ನಿಮಿಷ ಸಾಕು. ಉಸಿರು ಕಟ್ಟಿ ಹಿಡಿಯಬೇಡಿ. ದಮ್ಮು, ಅಸ್ತಮಾ, ಹೃದಯದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳಿ ಮಾಡಬೇಕು. ಹೆದರಿಕೆ ಪೂರ್ತಿ ಹೋಗುವುದಿಲ್ಲ. ಎದ್ದು ಹೋಗಿ ವೈದ್ಯರನ್ನು ಮಾತನಾಡಿಸುವಷ್ಟು ಇಳಿಯುತ್ತದೆ.

ಮಾತನಾಡಿಸುವ ಮುಂಚೆ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕಾಯಿಲೆ ಏನು, ಈಗ ಏನು ಮಾಡುತ್ತಿದ್ದೀರಿ, ನಾವು ಏನು ಮಾಡಬೇಕು. ಅರ್ಥವಾಗದಿದ್ದರೆ ಎರಡನೆಯ ಸಲ ಕೇಳಿ. ಕೇಳಿದರೆ ಡಾಕ್ಟರು ಸಿಟ್ಟಾಗುತ್ತಾರೆ ಎಂದು ಸುಮ್ಮನಿದ್ದವರು, ರಾತ್ರಿಯೆಲ್ಲ ಪಕ್ಕದ ಮಂಚದವರ ಕಥೆಗಳನ್ನು ಕೇಳಿ ಇಲ್ಲದ ಭಯ ಹಚ್ಚಿಕೊಳ್ಳುತ್ತಾರೆ. ತಿಳಿಯದ ಕಾಯಿಲೆಗಿಂತ ತಿಳಿದ ಕಾಯಿಲೆ ಸಣ್ಣದು.

ಹಣದ ಚಿಂತೆಗೂ ಇದೇ ಮಾತು. ನನ್ನ ಅನುಭವದಲ್ಲಿ ಅರ್ಧ ಜನರ ಎದೆಯುರಿಗೆ ಕಾಯಿಲೆಗಿಂತ ಸಾಲವೇ ಕಾರಣ. ಕೈಗಡ ತರುವ ಮುಂಚೆ, ಹೊಲ ಒತ್ತೆ ಇಡುವ ಮುಂಚೆ, ಆಸ್ಪತ್ರೆಯಲ್ಲಿ ಒಮ್ಮೆ ವಿಚಾರಿಸಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಯಾವ ಚಿಕಿತ್ಸೆಗೆ ಅನ್ವಯಿಸುತ್ತದೆ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂಬುದನ್ನು, ಯೋಜನೆಗೆ ನೋಂದಾಯಿಸಿಕೊಂಡ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರರು ಹೇಳುತ್ತಾರೆ. ಪಡಿತರ ಚೀಟಿ, ಆಧಾರ್ ಕಾರ್ಡ್ ಜೊತೆಗಿರಲಿ.

ಮನೆಯಲ್ಲಿ ಬಿಟ್ಟು ಬಂದ ಮಕ್ಕಳು

ಇದನ್ನು ಎಲ್ಲರೂ ಮರೆಯುತ್ತಾರೆ. ಹವಾಯಿ ದ್ವೀಪಗಳ ಪೈಕಿ ಕವಾಯಿ ಎಂಬಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಕುಡಿತ, ತಂದೆತಾಯಿಯ ಕಾಯಿಲೆ ಇಂಥ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದು ನಿಂತರು. ಅಂಥವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡದ್ದು, ಕೈಬಿಡದೆ ನೋಡಿಕೊಂಡ ಕನಿಷ್ಠ ಒಬ್ಬ ಹಿರಿಯರು. ಅಜ್ಜಿಯೋ, ಚಿಕ್ಕಮ್ಮನೋ, ನೆರೆಯವರೋ, ಶಾಲೆಯ ಟೀಚರೋ. ತಾವು ಇಲ್ಲಿರುವಾಗ ಅಲ್ಲಿ ಮಕ್ಕಳಿಗೆ ಅಂಥ ಒಬ್ಬರು ಯಾರು ಎಂಬುದನ್ನು ಗೊತ್ತು ಮಾಡಿ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಫೋನು ಮಾಡಿ. "ಅಪ್ಪಗ ಏನೂ ಆಗಿಲ್ಲ" ಎಂದು ಸುಳ್ಳು ಹೇಳಬೇಡಿ, ಮಕ್ಕಳು ದೊಡ್ಡವರ ಪಿಸುಮಾತಿನಿಂದ ಅದಕ್ಕಿಂತ ಕೆಟ್ಟದ್ದನ್ನು ಊಹಿಸಿಕೊಳ್ಳುತ್ತಾರೆ. "ಅಪ್ಪಗ ಆರಾಮಿಲ್ಲ, ಡಾಕ್ಟರು ಔಷಧ ಕೊಡಾಕತ್ತಾರ, ನಾ ಇಲ್ಲೇ ಅದೀನಿ" ಎಂದರೆ ಸಾಕು.

ಮನಸ್ಸೂ ಕಾಯಿಲೆ ಬೀಳುತ್ತದೆ

ಎಷ್ಟೇ ಪ್ರಯತ್ನಿಸಿದರೂ ಕೆಲವರಿಗೆ ಎರಡು ವಾರ ಕಳೆದರೂ ಬೇಸರ ಇಳಿಯುವುದಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಊಟ ರುಚಿಸುವುದಿಲ್ಲ, ಮಾತು ಬೇಡವೆನಿಸುತ್ತದೆ, ತಾನು ಎಲ್ಲರಿಗೂ ಹೊರೆ ಎನಿಸುತ್ತದೆ. ಇದು ಪುಕ್ಕಲುತನವಲ್ಲ, ಖಿನ್ನತೆ ಎಂಬ ಕಾಯಿಲೆ. ಲಕ್ವ, ಹೃದಯಾಘಾತ, ಕ್ಯಾನ್ಸರ್ ಆದವರಲ್ಲಿ ಇದು ಬಹಳ ಸಾಮಾನ್ಯ, ಚಿಕಿತ್ಸೆಯೂ ಇದೆ. ರೌಂಡ್ಸಿಗೆ ಬಂದ ವೈದ್ಯರಿಗೆ ಬಿ.ಪಿ. ಬಗ್ಗೆ ಹೇಳುವ ಹಾಗೆಯೇ ಇದನ್ನೂ ಹೇಳಿ. ಊರಿಗೆ ಹೋದ ಮೇಲಾದರೆ 14416 ಸಂಖ್ಯೆಗೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸೇವೆ. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

"ನಾ ಇರಬಾರದಿತ್ತು", "ನಾ ಹೋದರ ಎಲ್ಲಾರೂ ಆರಾಮ ಇರ್ತಾರ" ಎಂಬಂಥ ಮಾತು ರೋಗಿಯ ಬಾಯಲ್ಲಾಗಲಿ, ಜೊತೆಗಿರುವವರ ಬಾಯಲ್ಲಾಗಲಿ ಬಂದರೆ ಗದರಿಸಬೇಡಿ, ನಗೆಗೆ ಹಾಕಬೇಡಿ. "ಸಾಯೂ ವಿಚಾರ ಬಂದೈತೇನು?" ಎಂದು ನೇರವಾಗಿ ಕೇಳಬಹುದು, ಕೇಳಿದರೆ ಆ ವಿಚಾರ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಡ್ಯೂಟಿಯಲ್ಲಿರುವ ಸಿಸ್ಟರ್‌ಗೆ ಕೂಡಲೇ ತಿಳಿಸಿ. ಮನೆಗೆ ಹೋಗುವ ಮುಂಚೆ ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳನ್ನು ಮನೆಯಿಂದ ತೆಗೆಸಿ, ಬೇರೆ ಕಡೆ ಬೀಗದೊಳಗೆ ಇಡಿಸಿ, ಕೀಲಿಕೈ ನೆರೆಯವರ ಬಳಿ ಇರಲಿ.